ಕಲ್ಲಿನ ಮೇಲೆ 918 ಹೆಸರು, ಜಗಳ ಒಂದೇ ಹೆಸರಿಗೆ

ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಸೇರಿದ್ದ ಹೊಸದು. ಒಂದು ದಿನ ಮೀಟಿಂಗ್‌ನಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ಮ್ಯಾನೇಜ್‌ಮೆಂಟ್ ತಂದಿದ್ದ ಯಾವುದೋ ಹೊಸ ಪದ್ಧತಿಯನ್ನು ಬಾಯ್ತುಂಬ ಹೊಗಳುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಸೀನಿಯರ್ ನನ್ನ ಕಡೆ ಬಾಗಿ, "ಇವನು ಕೂಲ್-ಏಡ್ ಕುಡಿದುಬಿಟ್ಟಿದ್ದಾನೆ ಗುರೂ" ಅಂದರು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ನನಗೆ ಅರ್ಥವೇ ಆಗಿರಲಿಲ್ಲ. ಕೂಲ್-ಏಡ್ ಅಂದರೆ ನಮ್ಮ ರಸ್ನಾ ಥರದ ಒಂದು ಪುಡಿ, ನೀರಿಗೆ ಹಾಕಿ ಕಲಸಿ ಮಕ್ಕಳಿಗೆ ಕೊಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಅದನ್ನು ಕುಡಿದರೆ ನಗುವುದಕ್ಕೆ ಏನಿದೆ ಅನ್ನುವುದು ಗೊತ್ತಾಗಲು ಇನ್ನೂ ಕೆಲವು ವರ್ಷ ಬೇಕಾಯಿತು.

ಆಗ ನಾನು ಸಾಫ್ಟ್‌ವೇರ್ ಬಿಟ್ಟು ಟಿವಿಗೆ ಬಂದಿದ್ದೆ. ನವೆಂಬರ್ 18ಕ್ಕೆ 'ಇತಿಹಾಸದಲ್ಲಿ ಈ ದಿನ' ಅಂತ ಒಂದೂವರೆ ನಿಮಿಷದ ಸ್ಟೋರಿ ಬರೆಯಬೇಕಿತ್ತು. ಬರೆದೆ. 'ಗಯಾನಾದ ಕಾಡಿನಲ್ಲಿ 900ಕ್ಕೂ ಹೆಚ್ಚು ಜನರ ಸಾಮೂಹಿಕ ಆತ್ಮಹತ್ಯೆ, ಗುರುವಿನ ಒಂದು ಮಾತಿಗೆ ವಿಷ ಕುಡಿದ ಭಕ್ತರು.' ಗಟ್ಟಿ ದನಿಯಲ್ಲಿ ಓದಿಯೂ ಬಿಟ್ಟೆ. ಮಾರನೇ ದಿನ ಆಫೀಸಿಗೆ ಒಂದು ಫೋನ್. ಹಾಸನದ ಕಡೆಯ ಒಬ್ಬರು ರಿಟೈರ್ಡ್ ಮೇಡಂ, ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವರು. ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಪ್ಪಾ, ಸತ್ತವರಲ್ಲಿ ಕೈಗೂಸುಗಳೂ ಇದ್ದವು ಅಂತ ನೀನೇ ಹೇಳಿದೆ. ಕೈಗೂಸು ಆತ್ಮಹತ್ಯೆ ಹೇಗೆ ಮಾಡ್ಕೊಳ್ಳುತ್ತಪ್ಪಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತಿನಿಂದ ಈ ವಿಷಯ ಓದುತ್ತಾ ಬಂದಿದ್ದೇನೆ. ಓದುತ್ತಾ ಹೋದಂತೆ ಗೊತ್ತಾದದ್ದು ಏನೆಂದರೆ, ಮೇಡಂ ಕೇಳಿದ ಪ್ರಶ್ನೆಯನ್ನೇ ಇಟ್ಟುಕೊಂಡು ಆ ಪಂಥದಿಂದ ಬದುಕಿ ಬಂದವರು 40 ವರ್ಷಕ್ಕೂ ಹೆಚ್ಚು ಕಾಲದಿಂದ ತಮ್ಮತಮ್ಮಲ್ಲೇ ವಾದ ಮಾಡುತ್ತಿದ್ದಾರೆ. ಆ ವಾದದ ಕಥೆ ಇದು.

ಮೊದಲು ಜಾಗ. ಗಯಾನಾ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಕ್ರಿಕೆಟ್. ರೋಹನ್ ಕನ್ಹಾಯ್, ಕ್ಲೈವ್ ಲಾಯ್ಡ್, ಚಂದ್ರಪಾಲ್. ದಕ್ಷಿಣ ಅಮೆರಿಕದ ಉತ್ತರ ಅಂಚಿನಲ್ಲಿರುವ ಪುಟ್ಟ ದೇಶ. ಬ್ರಿಟಿಷರು 1838ರಿಂದ ಕಬ್ಬಿನ ತೋಟಗಳಿಗೆ ನಮ್ಮವರನ್ನು ಕೂಲಿಗೆ ಒಯ್ದ ಜಾಗ. ಅದರ ವಾಯವ್ಯ ಮೂಲೆಯಲ್ಲಿ, ವೆನೆಜುವೆಲಾ ಗಡಿಯ ಹತ್ತಿರ, ದಟ್ಟ ಕಾಡಿನ ನಡುವೆ 1974ರಲ್ಲಿ ಅಮೆರಿಕದ ಒಂದು ಚರ್ಚ್ ಸರ್ಕಾರದಿಂದ ಗುತ್ತಿಗೆಗೆ ಭೂಮಿ ಪಡೆದು ಊರು ಕಟ್ಟಲು ಶುರು ಮಾಡಿತು. ಚರ್ಚಿನ ಹೆಸರು ಪೀಪಲ್ಸ್ ಟೆಂಪಲ್. ಪಾದ್ರಿಯ ಹೆಸರು ಜಿಮ್ ಜೋನ್ಸ್. ಊರಿಗೆ ತನ್ನದೇ ಹೆಸರು: ಜೋನ್ಸ್‌ಟೌನ್.

ಜೋನ್ಸ್‌ನನ್ನು ಮೊದಲ ದಿನದಿಂದಲೂ ರಾಕ್ಷಸ ಅಂತ ತೋರಿಸಿಬಿಟ್ಟರೆ ಸ್ಟೋರಿ ಸುಲಭ. ಆದರೆ ಹಾಗೆ ತೋರಿಸಿದರೆ ಸಾವಿರ ಜನ ಯಾಕೆ ಅವನ ಹಿಂದೆ ಕಾಡಿಗೆ ಹೋದರು ಅನ್ನುವುದು ಅರ್ಥವಾಗುವುದಿಲ್ಲ. 1950ರ ದಶಕದ ಇಂಡಿಯಾನಾಪೊಲಿಸ್ ನೆನಪು ಮಾಡಿಕೊಳ್ಳಿ. ಕರಿಯರು ಒಂದು ಕಡೆ, ಬಿಳಿಯರು ಇನ್ನೊಂದು ಕಡೆ. ದೇವರ ಮನೆಯಲ್ಲೂ ಬೇರೆ ಬೇರೆ. ಅಂಥ ಊರಿನಲ್ಲಿ ಒಬ್ಬ ಬಿಳಿಯ ಪಾದ್ರಿ ಕರಿಯರನ್ನೂ ಬಿಳಿಯರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದ. ಬಡವರಿಗೆ ಬಿಟ್ಟಿ ಊಟ ಹಾಕಿದ. ಮುದುಕರಿಗೆ ಆರೈಕೆ ಮನೆ ನಡೆಸಿದ. ಕರಿಯ ಮಗುವನ್ನು ದತ್ತು ತಗೊಂಡು ತನ್ನ ಹೆಸರನ್ನೇ ಇಟ್ಟ, ಜಿಮ್ ಜೋನ್ಸ್ ಜೂನಿಯರ್. ಆ ಕಾಲಕ್ಕೆ, ಆ ರಾಜ್ಯದಲ್ಲಿ, ಇದು ಸಣ್ಣ ಕೆಲಸವಲ್ಲ. 1961ರಲ್ಲಿ ನಗರದ ಮಾನವ ಹಕ್ಕು ಆಯೋಗಕ್ಕೆ ಅವನನ್ನೇ ನಿರ್ದೇಶಕನಾಗಿ ನೇಮಿಸಿದರು. 'ಡಿಸೈಪಲ್ಸ್ ಆಫ್ ಕ್ರೈಸ್ಟ್' ಅನ್ನುವ, ಅಮೆರಿಕದಲ್ಲಿ ಮರ್ಯಾದೆ ಇರುವ ಕ್ರೈಸ್ತ ಒಕ್ಕೂಟ ಅವನ ಚರ್ಚನ್ನು ತನ್ನೊಳಗೆ ಸೇರಿಸಿಕೊಂಡಿತು, 1964ರಲ್ಲಿ ಅವನಿಗೆ ಪಾದ್ರಿ ದೀಕ್ಷೆಯನ್ನೂ ಕೊಟ್ಟಿತು.

1965ರಲ್ಲಿ ಹಿಂಬಾಲಕರ ಸಮೇತ ಕ್ಯಾಲಿಫೋರ್ನಿಯಾಗೆ ಹೋದ. ಮೊದಲು ರೆಡ್‌ವುಡ್ ವ್ಯಾಲಿ ಅನ್ನುವ ಹಳ್ಳಿ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲಿಸ್. ಚುನಾವಣೆ ಬಂದರೆ ಕರೆದ ಕಡೆಗೆ ಬಸ್ಸುಗಟ್ಟಲೆ ಜನ ಕಳಿಸುವ ತಾಕತ್ತು ಅವನಿಗಿತ್ತು. ಅಂಥವರನ್ನು ರಾಜಕಾರಣಿಗಳು ಬಿಡ್ತಾರಾ? ನಮ್ಮಲ್ಲಿ ಮಠದ ಮುಂದೆ ಕಾರು ಸಾಲು ನಿಲ್ಲುವುದಿಲ್ಲವೇ, ಹಾಗೇ. 1976ರಲ್ಲಿ ಮೇಯರ್ ಜಾರ್ಜ್ ಮಾಸ್ಕೋನಿ ಅವನನ್ನು ನಗರದ ವಸತಿ ಪ್ರಾಧಿಕಾರಕ್ಕೆ ನೇಮಿಸಿದರು, ಅಲ್ಲಿ ಅಧ್ಯಕ್ಷನೂ ಆದ.

ಇದು ಹೊರಗಿನಿಂದ ಕಾಣುವ ಮುಖ. ಒಳಗೆ ಬೇರೆಯೇ ಇತ್ತು. ಕೋಳಿಯ ಕರುಳು, ಈಲಿ ತೋರಿಸಿ, 'ನೋಡಿ, ಹೊಟ್ಟೆಯಿಂದ ಕ್ಯಾನ್ಸರ್ ಹೊರಗೆ ಬಂತು' ಅಂತ ಪವಾಡ ಮಾಡುತ್ತಿದ್ದ. ತಪ್ಪು ಮಾಡಿದವರಿಗೆ ಎಲ್ಲರ ಎದುರು ಹೊಡೆತ. ಮನೆ, ಸಂಬಳ, ಪಿಂಚಣಿ ಚೆಕ್ಕು ಎಲ್ಲ ಚರ್ಚಿಗೆ. ಬೈಬಲ್ಲನ್ನೇ ಹಳಿಯುವ ಮಟ್ಟಕ್ಕೂ ಹೋದ. ಏಸುವಿನ ಜಾಗದಲ್ಲಿ ಸಮಾಜವಾದ ಬಂತು, ಕೊನೆಗೆ ಆ ಜಾಗದಲ್ಲಿ ಅವನೇ ಕೂತ. ಹಾಗಾಗಿ ಇದನ್ನು ಕ್ರೈಸ್ತ ಪಂಥ ಅನ್ನಬೇಕೋ ಬೇಡವೋ ಅನ್ನುವುದರಲ್ಲೂ ಮಾಜಿ ಸದಸ್ಯರಲ್ಲಿ ಒಮ್ಮತ ಇಲ್ಲ. ವಯಸ್ಸಾದ ಕರಿಯ ಹೆಂಗಸರಲ್ಲಿ ಬಹಳಷ್ಟು ಜನ ದೇವರನ್ನು ನಂಬಿಯೇ ಬಂದಿದ್ದರು. ಕಾಲೇಜು ಓದಿದ ಬಿಳಿಯ ಹುಡುಗ ಹುಡುಗಿಯರಲ್ಲಿ ಅನೇಕರು ಬಂದದ್ದು ವಿಯೆಟ್ನಾಂ ಯುದ್ಧ, ವರ್ಣಭೇದ, ಬಡತನ ಇವುಗಳ ವಿರುದ್ಧದ ಸಿಟ್ಟಿನಿಂದ. ಒಂದೇ ಹಾಲ್‌ನಲ್ಲಿ ಕೂತು ಒಬ್ಬರು ಪ್ರಾರ್ಥನೆ ಕೇಳುತ್ತಿದ್ದರು, ಇನ್ನೊಬ್ಬರು ಕ್ರಾಂತಿ ಕೇಳುತ್ತಿದ್ದರು.

ಇಲ್ಲಿ ನನ್ನ ವೃತ್ತಿಯವನೊಬ್ಬನ ಕಥೆ ಹೇಳಲೇಬೇಕು. ಮೈಕಲ್ ಪ್ರೋಕ್ಸ್ ಅಂತ, ಟಿವಿ ವರದಿಗಾರ. 1972ರಲ್ಲಿ ಪತ್ರಿಕೆಯೊಂದು ಟೆಂಪಲ್ ವಿರುದ್ಧ ಸರಣಿ ಬರೆದಾಗ, 'ಏನಿದು ನೋಡೋಣ' ಅಂತ ಸ್ಟೋರಿ ಮಾಡಲು ಹೋದವನು. ಹೋದವನು ವಾಪಸ್ ಬರಲಿಲ್ಲ. ಕೆಲಸ ಬಿಟ್ಟು ಟೆಂಪಲ್ ಸೇರಿ ಅದರ ವಕ್ತಾರನೇ ಆಗಿಬಿಟ್ಟ. ಕೊನೆಯ ದಿನ ಹಣ ತುಂಬಿದ ಸೂಟ್‌ಕೇಸ್ ಕೊಟ್ಟು ಹೊರಗೆ ಕಳಿಸಿದ್ದರಿಂದ ಬದುಕಿದ. ನಾಲ್ಕು ತಿಂಗಳ ನಂತರ, 1979ರ ಮಾರ್ಚ್‌ನಲ್ಲಿ, ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ ಪತ್ರಿಕಾಗೋಷ್ಠಿ ಕರೆದು ಟೆಂಪಲ್ ಪರವಾಗಿ ಹೇಳಿಕೆ ಓದಿ, ಪಕ್ಕದ ಬಾತ್‌ರೂಮಿಗೆ ಹೋಗಿ ಗುಂಡು ಹಾರಿಸಿಕೊಂಡ. 'ಭಕ್ತರು ಮೂರ್ಖರು, ಓದಿದವರು ಮೋಸ ಹೋಗಲ್ಲ' ಅಂತ ಪ್ಯಾನೆಲ್‌ನಲ್ಲಿ ಯಾರಾದರೂ ಹೇಳಿದಾಗಲೆಲ್ಲ ನನಗೆ ಈ ಪ್ರೋಕ್ಸ್ ನೆನಪಾಗುತ್ತಾನೆ. ಪ್ರಶ್ನೆ ಕೇಳುವುದೇ ಅವನ ಕೆಲಸವಾಗಿತ್ತು.

ಸರಿ, ಆ ದಿನಕ್ಕೆ ಬರೋಣ. 1977ರ ಬೇಸಿಗೆಯಲ್ಲಿ 'ನ್ಯೂ ವೆಸ್ಟ್' ಅನ್ನುವ ಪತ್ರಿಕೆ ಟೆಂಪಲ್ ಬಿಟ್ಟು ಬಂದವರ ಹೇಳಿಕೆಗಳನ್ನು ಹೆಸರು ಸಮೇತ ಅಚ್ಚು ಮಾಡಲು ಹೊರಟಿತು. ಅದು ಹೊರಬರುವ ಹೊತ್ತಿಗೆ ಜೋನ್ಸ್ ಗಯಾನಾಗೆ ಹಾರಿದ್ದ. ನೂರಾರು ಜನ ಹಿಂದೆಯೇ ಹೋದರು. ಕಾಡಿನಲ್ಲಿ ಕಷ್ಟದ ಕೆಲಸ, ಕಡಿಮೆ ಊಟ, ಹಗಲು ರಾತ್ರಿ ಲೌಡ್‌ಸ್ಪೀಕರ್‌ನಲ್ಲಿ ಅವನದೇ ದನಿ. ಪಾಸ್‌ಪೋರ್ಟ್ ಅವರ ಕೈಯಲ್ಲಿಲ್ಲ. ಆಗಾಗ 'ವೈಟ್ ನೈಟ್' ಅಂತ ಮಾಡುತ್ತಿದ್ದರು: ಶತ್ರುಗಳು ಬಂದರು ಅಂತ ಮಧ್ಯರಾತ್ರಿ ಎಲ್ಲರನ್ನೂ ಎಬ್ಬಿಸಿ ಸೇರಿಸುವುದು, ಕೆಲವು ಸಲ ಸಾಯುವ ತಾಲೀಮು ಕೂಡ. ಡೆಬೊರಾ ಲೇಟನ್ ಅನ್ನುವ ಯುವತಿ 1978ರ ಮೇ ತಿಂಗಳಲ್ಲಿ ತಪ್ಪಿಸಿಕೊಂಡು ಬಂದು, ಜೂನ್‌ನಲ್ಲಿ ಪ್ರಮಾಣಪತ್ರ ಮಾಡಿ, ಅಲ್ಲಿ ಸಾವಿನ ತಾಲೀಮು ನಡೀತಿದೆ ಅಂತ ಅಮೆರಿಕ ಸರ್ಕಾರಕ್ಕೆ ಎಚ್ಚರಿಕೆ ಕೊಟ್ಟಳು. ಐದು ತಿಂಗಳು ಮೊದಲೇ! ಫೈಲು ಫೈಲಾಗಿಯೇ ಉಳಿಯಿತು.

ನವೆಂಬರ್ 17ರಂದು ಕ್ಯಾಲಿಫೋರ್ನಿಯಾದ ಸಂಸದ ಲಿಯೋ ರಯಾನ್ ಪತ್ರಕರ್ತರನ್ನೂ, ಅಲ್ಲಿದ್ದವರ ಬಂಧುಗಳನ್ನೂ ಕರೆದುಕೊಂಡು ಜೋನ್ಸ್‌ಟೌನ್‌ಗೆ ಹೋದರು. ಮೊದಲ ರಾತ್ರಿ ಹಾಡು, ಕುಣಿತ, ಊಟ. ಆದರೆ ಕೆಲವರು ಗುಟ್ಟಾಗಿ ಚೀಟಿ ಕೊಟ್ಟರು, ನಮ್ಮನ್ನು ಕರೆದುಕೊಂಡು ಹೋಗಿ ಅಂತ. ಮರುದಿನ ಹೊರಡುವವರನ್ನು ಕರೆದುಕೊಂಡು ರಯಾನ್ ತಂಡ ಪೋರ್ಟ್ ಕೈಟುಮಾದ ಏರ್‌ಸ್ಟ್ರಿಪ್‌ಗೆ ಬಂತು. ಹಿಂದೆಯೇ ಟ್ರ್ಯಾಕ್ಟರ್‌ನಲ್ಲಿ ಬಂದೂಕುಧಾರಿಗಳು ಬಂದರು. ರಯಾನ್, ಮೂವರು ಪತ್ರಕರ್ತರು, ಊರಿಗೆ ಹೊರಟಿದ್ದ ಒಬ್ಬ ಮಹಿಳೆ, ಒಟ್ಟು ಐವರು ಅಲ್ಲೇ ಸತ್ತರು. ಎನ್‌ಬಿಸಿ ಚಾನೆಲ್‌ನ ಕ್ಯಾಮೆರಾಮನ್ ಬಾಬ್ ಬ್ರೌನ್ ಗುಂಡಿನ ದಾಳಿ ಶುರುವಾದರೂ ಕ್ಯಾಮೆರಾ ಇಳಿಸಲಿಲ್ಲ. ಆ ಫುಟೇಜ್ ಇವತ್ತಿಗೂ ಇದೆ. ಚಿತ್ರ ಅಲ್ಲಾಡಿ ನಿಂತುಹೋಗುತ್ತದೆ. ನಮ್ಮ ಕ್ಯಾಮೆರಾ ಹುಡುಗರಿಗೆ ಅದನ್ನು ಒಂದು ಸಲ ತೋರಿಸಿದ್ದೆ, ಆಮೇಲೆ ಯಾರೂ ಮಾತಾಡಲಿಲ್ಲ.

ಅದೇ ಸಂಜೆ ಜೋನ್ಸ್‌ಟೌನ್‌ನ ಮಂಟಪದಲ್ಲಿ ದೊಡ್ಡ ಪಾತ್ರೆಯಲ್ಲಿ ಸಯನೈಡ್ ಕಲಸಿದ ಶರಬತ್ತು ತಂದಿಟ್ಟರು. ಅಂದಹಾಗೆ ಅದು ಬಹುತೇಕ ಕೂಲ್-ಏಡ್ ಅಲ್ಲವೇ ಅಲ್ಲ, ಫ್ಲೇವರ್ ಏಡ್ ಅನ್ನುವ ಇನ್ನೊಂದು ಕಂಪನಿಯ ಪುಡಿ. ಗಾದೆ ಮಾತ್ರ ಕೂಲ್-ಏಡ್ ತಲೆಗೆ ಕಟ್ಟಿತು. ಜೋನ್ಸ್‌ಟೌನ್‌ನಲ್ಲಿ 909 ಜನ, ಏರ್‌ಸ್ಟ್ರಿಪ್‌ನಲ್ಲಿ 5, ರಾಜಧಾನಿ ಜಾರ್ಜ್‌ಟೌನ್‌ನಲ್ಲಿದ್ದ ಟೆಂಪಲ್‌ನ ಮನೆಯಲ್ಲಿ ಒಬ್ಬ ತಾಯಿ, ಮೂವರು ಮಕ್ಕಳು. ಒಟ್ಟು 918. ಇದರಲ್ಲಿ 300ಕ್ಕೂ ಹೆಚ್ಚು 18 ತುಂಬದವರು.

ಈಗ ಮೇಡಂ ಪ್ರಶ್ನೆ. ಇದು ಆತ್ಮಹತ್ಯೆಯೋ, ಕೊಲೆಯೋ?

ಕೆಲವು ಸಂಗತಿಗಳ ಬಗ್ಗೆ ವಾದವೇ ಇಲ್ಲ. ಮೊದಲು ಕೊಂದದ್ದು ಮಕ್ಕಳನ್ನು. ಸೂಜಿ ಇಲ್ಲದ ಸಿರಿಂಜ್‌ನಿಂದ ಬಾಯೊಳಗೆ ವಿಷ ಹಾಕಿದರು. ಸುತ್ತ ಬಂದೂಕು ಹಿಡಿದವರ ಕಾವಲಿತ್ತು. ಹೆಣಗಳನ್ನು ಮೊದಲು ಪರೀಕ್ಷೆ ಮಾಡಿದ ಗಯಾನಾದ ಡಾಕ್ಟರ್ ಲೆಸ್ಲಿ ಮೂಟೂ ಹಲವು ದೇಹಗಳ ಮೇಲೆ, ತನ್ನ ಕೈ ತಾನೇ ತಲುಪದ ಜಾಗದಲ್ಲಿ ಇಂಜೆಕ್ಷನ್ ಗುರುತು ಕಂಡೆ ಅಂದರು. ಜೋನ್ಸ್ ಸ್ವತಃ ವಿಷ ಕುಡಿಯಲಿಲ್ಲ, ತಲೆಗೆ ಗುಂಡು ತಗುಲಿ ಸತ್ತ. ಇನ್ನೊಂದು ಸಾಕ್ಷಿ, ಟೇಪು. ಆ ಕೊನೆಯ ಸಭೆಯನ್ನು ರೆಕಾರ್ಡ್ ಮಾಡಿದ್ದರು, ಸುಮಾರು 44 ನಿಮಿಷ. ಅದರಲ್ಲಿ ಕ್ರಿಸ್ಟೀನ್ ಮಿಲ್ಲರ್ ಅನ್ನುವ ಹಿರಿಯ ಮಹಿಳೆ ಎದ್ದು ನಿಂತು ಜೋನ್ಸ್ ಎದುರೇ ವಾದ ಮಾಡುತ್ತಾಳೆ: ಇನ್ನೂ ದಾರಿ ಇದೆ, ರಷ್ಯಾಗಾದರೂ ಹೋಗಬಹುದು, ಮಕ್ಕಳು ಬದುಕಬೇಕು. ಸುತ್ತಲಿನ ಜನವೇ ಅವಳನ್ನು ಕೂಗಿ ಕೂರಿಸುತ್ತಾರೆ. 900 ಜನರಲ್ಲಿ ಟೇಪಿನಲ್ಲಿ ಹೀಗೆ ಪಟ್ಟು ಹಿಡಿದು ವಾದಿಸಿದ ದನಿ ಅವಳದೊಂದೇ.

ಇದನ್ನು ಕೇಳಿದ ಮೇಲೆ ಕೊಲೆ ಅನ್ನದೆ ಏನನ್ನುತ್ತೀರಿ? ಬದುಕಿದವರಲ್ಲಿ ಬಹಳ ಜನರ ನಿಲುವೂ ಅದೇ. ರಯಾನ್ ಜೊತೆ ಹೋಗಿ ಏರ್‌ಸ್ಟ್ರಿಪ್‌ನಲ್ಲಿ ಐದು ಗುಂಡು ತಿಂದು, ಸಹಾಯ ಬರುವ ತನಕ 22 ಗಂಟೆ ಬಿದ್ದಿದ್ದ ಜಾಕಿ ಸ್ಪೈಯರ್, ಆಮೇಲೆ ತಾವೇ ಸಂಸದೆಯಾದರು, ಅವರು ಇದನ್ನು ಆತ್ಮಹತ್ಯೆ ಅಂತ ಒಪ್ಪುವುದೇ ಇಲ್ಲ. ಆದರೆ ಮಾಜಿ ಸದಸ್ಯರಲ್ಲೇ ಕೆಲವರು ಇನ್ನೊಂದು ಕಡೆ ನಿಲ್ಲುತ್ತಾರೆ. ಅವರ ಮಾತು ಕೇಳಲು ಕಷ್ಟ, ಆದರೂ ಕೇಳಬೇಕು. ಟೇಪಿನಲ್ಲಿ ಕೆಲವರು ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ಜೋನ್ಸ್‌ಗೆ ಥ್ಯಾಂಕ್ಸ್ ಹೇಳುತ್ತಾರೆ. ಆ ಸಿರಿಂಜ್ ಹಿಡಿದವರು ಹೊರಗಿನವರಲ್ಲ, ನರ್ಸ್‌ಗಳು, ನಮ್ಮ ಜೊತೆ ಊಟ ಮಾಡಿದವರು. ಎಲ್ಲರನ್ನೂ ಬಲಿಪಶು ಅಂದುಬಿಟ್ಟರೆ ಮಕ್ಕಳಿಗೆ ವಿಷ ಹಾಕಿದ ಕೈ ಯಾರದು? ಜೋನ್ಸ್ ಒಬ್ಬನೇ 900 ಜನರನ್ನು ಕೊಲ್ಲಲಾಗುತ್ತಿತ್ತೇ? ಎಲ್ಲಾ ಪಾಪ ಅವನ ತಲೆಗೆ ಕಟ್ಟಿದರೆ ನಾವು ಹಗುರಾಗುತ್ತೇವೆ, ಅದು ಸುಳ್ಳಿನ ಹಗುರ ಅನ್ನುವುದು ಅವರ ವಾದ.

ನನಗೆ ಅನ್ನಿಸುವುದು, ಎರಡೂ ಪಂಗಡ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದೆ. ಮಕ್ಕಳ ವಿಷಯದಲ್ಲಿ ಎರಡನೇ ಮಾತೇ ಇಲ್ಲ, ಕೊಲೆ. ಕಾಡಿನ ನಡುವೆ ಬಂದೂಕಿನ ಎದುರು ಸರದಿಯಲ್ಲಿ ನಿಂತ ಎಪ್ಪತ್ತು ವರ್ಷದ ಅಜ್ಜಿಯ ವಿಷಯದಲ್ಲೂ ಅದೇ. ಮೈಕ್ ಹಿಡಿದು ಥ್ಯಾಂಕ್ಸ್ ಹೇಳಿದವರ ವಿಷಯಕ್ಕೆ ಬಂದರೆ ನನಗೂ ಗೊಂದಲ. 918ಕ್ಕೂ ಒಂದೇ ಪದ ಹುಡುಕುವುದು ನಮ್ಮ ಹೆಡ್‌ಲೈನ್ ಚಟ. 2018ರ ಜುಲೈನಲ್ಲಿ ದಿಲ್ಲಿಯ ಬುರಾರಿಯಲ್ಲಿ ಒಂದೇ ಮನೆಯ 11 ಜನ ಸತ್ತಾಗಲೂ ನಾವೆಲ್ಲ 'ಸಾಮೂಹಿಕ ಆತ್ಮಹತ್ಯೆ' ಅಂತಲೇ ಕೂಗಿದೆವು. ಆಮೇಲೆ ತಜ್ಞರ ಮಾನಸಿಕ ವಿಶ್ಲೇಷಣೆ, ಅವರಿಗೆ ಸಾಯುವ ಉದ್ದೇಶ ಇರಲಿಲ್ಲ, ಆಚರಣೆ ಮಾಡುವಾಗ ಆದ ಅವಘಡ ಅಂದಿತು. ಆ ಸುದ್ದಿಗೆ ಎಷ್ಟು ನಿಮಿಷ ಕೊಟ್ಟೆವು ಅಂತ ಕೇಳಬೇಡಿ.

ಎರಡನೇ ವಾದ ಇನ್ನೂ ಸೂಕ್ಷ್ಮ. ಅಲ್ಲಿ ಒಳ್ಳೆಯದೂ ಇತ್ತು ಅಂತ ಹೇಳಬಹುದಾ?

ಲಾರಾ ಜಾನ್ಸ್ಟನ್ ಕೋಲ್ ಅನ್ನುವವರಿದ್ದರು, 2019ರಲ್ಲಿ ತೀರಿಕೊಂಡರು. ಆವತ್ತು ಕೆಲಸದ ಮೇಲೆ ಜಾರ್ಜ್‌ಟೌನ್‌ನಲ್ಲಿದ್ದುದರಿಂದ ಉಳಿದವರು. ಆಮೇಲೆ ಟೀಚರ್ ಆದರು, ಪುಸ್ತಕ ಬರೆದರು, ಕರೆದ ಕಡೆಯೆಲ್ಲ ಹೋಗಿ ಮಾತಾಡಿದರು. ಜೋನ್ಸ್‌ನನ್ನು ಅವರು ಸಮರ್ಥಿಸಲಿಲ್ಲ. ಆದರೆ ಆ ಜನರ ಜೊತೆ ಬದುಕಿದ ಬದುಕನ್ನು, ಕರಿಯರು ಬಿಳಿಯರು ಒಂದೇ ಮನೆಯವರಂತೆ ಇದ್ದದ್ದನ್ನು ಬಿಟ್ಟುಕೊಡಲೂ ಇಲ್ಲ. ಟೆಂಪಲ್ ಅಂದರೆ ಜೋನ್ಸ್ ಅಲ್ಲ, ಆ ಜನ ಅನ್ನುವ ಗುಂಪು ಇದು. ಸತ್ತವರನ್ನು ಮೂರ್ಖರು ಅಂತ ಜಗತ್ತು ನಕ್ಕಾಗ ಇವರಿಗೆ ಹೊಟ್ಟೆ ಉರಿಯುತ್ತದೆ. ನನ್ನ ಆ ಮೀಟಿಂಗ್ ರೂಮಿನ ನಗು ಇದೆಯಲ್ಲ, ಅದೇ ನಗು.

ಲೆಸ್ಲಿ ವ್ಯಾಗ್ನರ್-ವಿಲ್ಸನ್ ಅವರದು ಬೇರೆ ದಾರಿ. 21 ವರ್ಷದ ಕರಿಯ ಹೆಣ್ಣುಮಗಳು. ಆವತ್ತು ಬೆಳಿಗ್ಗೆ ಮೂರು ವರ್ಷದ ಮಗನನ್ನು ಬೆನ್ನಿಗೆ ಕಟ್ಟಿಕೊಂಡು, ಪಿಕ್‌ನಿಕ್ ಅಂತ ನೆಪ ಹೇಳಿ, ಕೆಲವರ ಜೊತೆ ಕಾಡಿನಲ್ಲಿ ಮೈಲುಗಟ್ಟಲೆ ನಡೆದು ತಪ್ಪಿಸಿಕೊಂಡವರು. ತಾಯಿ, ಅಕ್ಕತಂಗಿ, ತಮ್ಮ, ಎಲ್ಲ ಅಲ್ಲೇ ಉಳಿದರು. ಗಂಡ ಕಾವಲು ಪಡೆಯಲ್ಲಿದ್ದ. 2009ರಲ್ಲಿ ಅವರು ಬರೆದ ಆತ್ಮಕಥೆಯ ಹೆಸರಿನಲ್ಲೇ 'ಗುಲಾಮಗಿರಿ' ಅನ್ನುವ ಪದ ಇದೆ. ಯಾಕೆ ಅಂತ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಜೋನ್ಸ್‌ಟೌನ್‌ನಲ್ಲಿ ಸತ್ತವರಲ್ಲಿ ಬಹುಪಾಲು ಕರಿಯರು, ಅದರಲ್ಲೂ ಹೆಂಗಸರು. ತೀರ್ಮಾನ ಮಾಡುವ ಒಳಗಿನ ಕೂಟದಲ್ಲಿ ಇದ್ದವರು ಬಹುಪಾಲು ಬಿಳಿಯರು. ಸಮಾನತೆಯ ಊರಿನಲ್ಲಿ ಕೀಲಿಕೈ ಯಾರ ಸೊಂಟದಲ್ಲಿತ್ತು ಅನ್ನುವುದು ಇವರ ಪ್ರಶ್ನೆ. ಇದಕ್ಕೆ ಲಾರಾ ಥರದವರ ಹತ್ತಿರ ಪೂರ್ತಿ ಉತ್ತರ ಇತ್ತು ಅಂತ ನನಗೆ ಅನ್ನಿಸುವುದಿಲ್ಲ.

ಮೂರನೆಯದು ಮಾತಾಡದೇ ಬಿಟ್ಟಂಥ ಜಗಳ. ಮೊದಲೇ ಬಿಟ್ಟು ಬಂದವರು 'ಕನ್ಸರ್ನ್ಡ್ ರಿಲೇಟಿವ್ಸ್' ಅಂತ ಸಂಘ ಕಟ್ಟಿ, ಕೋರ್ಟು, ಪತ್ರಿಕೆ, ಸರ್ಕಾರ ಎಲ್ಲ ಕಡೆ ಹೋದರು. ಟೆಂಪಲ್‌ನ ವಕೀಲನೇ ಆಗಿದ್ದ ಟಿಮ್ ಸ್ಟೋನ್ ಅದರಲ್ಲಿ ಮುಂದಾಳು. ಅವನದೂ ಅವನ ಹೆಂಡತಿ ಗ್ರೇಸ್‌ಳದೂ ಹೋರಾಟ ಆರು ವರ್ಷದ ಮಗನಿಗಾಗಿ. ಆ ಹುಡುಗನನ್ನು ತನ್ನ ಮಗ ಅಂತ ಹೇಳಿಕೊಂಡು ಜೋನ್ಸ್ ಕಾಡಿನಲ್ಲಿ ಇಟ್ಟುಕೊಂಡಿದ್ದ. ಹುಡುಗ ಅಲ್ಲೇ ಸತ್ತ. ಕೊನೆಯವರೆಗೂ ಇದ್ದವರಲ್ಲಿ ಕೆಲವರು ಹೇಳಿದ್ದು: ನೀವು ಒತ್ತಡ ಹಾಕಿ ಹಾಕಿ ಅವನನ್ನು ಮೂಲೆಗೆ ತಳ್ಳಿದಿರಿ, ಇಲ್ಲದಿದ್ದರೆ ನಮ್ಮವರು ಬದುಕಿರುತ್ತಿದ್ದರು. ಬಿಟ್ಟು ಬಂದವರು ಹೇಳಿದ್ದು: ನೀವು ಬಾಯಿ ಬಿಟ್ಟಿದ್ದರೆ ಬದುಕಿರುತ್ತಿದ್ದರು. ಅಕ್ಕ ಒಂದು ಕಡೆ, ತಮ್ಮ ಒಂದು ಕಡೆ ಆದ ಮನೆಗಳಿದ್ದವು. ಎಚ್ಚರಿಕೆ ಕೊಟ್ಟ ಡೆಬೊರಾಳ ಅಣ್ಣನೇ ಲ್ಯಾರಿ ಲೇಟನ್. ಏರ್‌ಸ್ಟ್ರಿಪ್ ದಾಳಿಯ ಕೇಸಿನಲ್ಲಿ ಅಮೆರಿಕದ ಕೋರ್ಟು ಶಿಕ್ಷೆ ಕೊಟ್ಟದ್ದು ಅವನೊಬ್ಬನಿಗೇ, 2002ರಲ್ಲಿ ಪೆರೋಲ್ ಮೇಲೆ ಹೊರಬಂದ.

ಸುಮಾರು ಇಪ್ಪತ್ತು ವರ್ಷ ಇವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ ಅಂದರೂ ತಪ್ಪಿಲ್ಲ. ಕೆಲವರು ತಾವು ಟೆಂಪಲ್‌ನವರು ಅನ್ನುವುದನ್ನೇ ಮುಚ್ಚಿಟ್ಟು ಕೆಲಸ, ಮದುವೆ ಮಾಡಿಕೊಂಡರು. 1998ರ ಸುಮಾರಿಗೆ, 20ನೇ ವರ್ಷದ ಹೊತ್ತಿಗೆ, ನಿಧಾನಕ್ಕೆ ಸೇರಲು ಶುರು ಮಾಡಿದರು. ಅದಕ್ಕೆ ದೊಡ್ಡ ಕಾರಣ ಒಂದು ದಂಪತಿ, ಧರ್ಮಗಳ ಅಧ್ಯಯನದ ಪ್ರೊಫೆಸರ್ ರೆಬೆಕಾ ಮೂರ್, ಅವರ ಗಂಡ ಫೀಲ್ಡಿಂಗ್ ಮೆಗೀ. ರೆಬೆಕಾ ಅವರ ಒಬ್ಬ ಅಕ್ಕ, ಒಬ್ಬ ತಂಗಿ ಜೋನ್ಸ್‌ಟೌನ್‌ನಲ್ಲಿ ಸತ್ತರು, ಇಬ್ಬರೂ ಜೋನ್ಸ್‌ನ ಆಪ್ತ ವಲಯದವರು. ಒಬ್ಬಳು ನರ್ಸ್. ಅಂಥ ಮನೆಯವರು ಬಾಗಿಲು ಹಾಕಿಕೊಂಡು ಕೂರಬಹುದಿತ್ತು. ಇವರು ಎಫ್‌ಬಿಐ ವಶಪಡಿಸಿಕೊಂಡಿದ್ದ ನೂರಾರು ಟೇಪುಗಳನ್ನು ತರಿಸಿ ಕೇಳಿ ಬರೆದಿಟ್ಟರು, ಪರ ವಿರೋಧ ಎರಡೂ ಕಡೆಯವರಿಂದ ಬರೆಸಿದರು, ಸತ್ತವರ ಹೆಸರಿನ ಪಟ್ಟಿ ಸರಿ ಮಾಡಿದರು.

ಆ ಪಟ್ಟಿಯೇ ಮುಂದೆ ದೊಡ್ಡ ಜಗಳಕ್ಕೆ ಕಾರಣ ಆಯಿತು.

ಹೆಣಗಳನ್ನು ಅಮೆರಿಕದ ಸೇನೆ ಡೋವರ್ ವಾಯುನೆಲೆಗೆ ತಂದಾಗ ಗುರುತು ಸಿಗದವು, ಯಾರೂ ಕೇಳದವು 400ಕ್ಕೂ ಹೆಚ್ಚು. ಮಕ್ಕಳ ಬೆರಳಚ್ಚು ಯಾರ ಹತ್ತಿರ ಇರುತ್ತದೆ? ಎಷ್ಟೋ ಸ್ಮಶಾನಗಳು ನಮ್ಮಲ್ಲಿ ಬೇಡ ಅಂದವು. ಕೊನೆಗೆ ಓಕ್‌ಲ್ಯಾಂಡ್‌ನ ಎವರ್‌ಗ್ರೀನ್ ಸ್ಮಶಾನ ಒಪ್ಪಿಕೊಂಡಿತು. 1979ರಲ್ಲಿ ಅಲ್ಲಿನ ಇಳಿಜಾರು ಅಗೆದು ಒಟ್ಟಿಗೆ ಹೂತರು. ಪಾದ್ರಿ ಜಿನೋನಾ ನಾರ್ವುಡ್ ಅನ್ನುವ ಕರಿಯ ಮಹಿಳೆ, ತಾಯಿಯೂ ಸೇರಿ 27 ಬಂಧುಗಳನ್ನು ಕಳೆದುಕೊಂಡವರು, ಪ್ರತಿ ನವೆಂಬರ್ 18ಕ್ಕೆ ಅಲ್ಲಿ ಪ್ರಾರ್ಥನೆ ಮಾಡಿಸುತ್ತಾ ಬಂದರು. ದೊಡ್ಡ ಸ್ಮಾರಕ ಗೋಡೆ ಕಟ್ಟಬೇಕು ಅನ್ನುವುದು ಅವರ ಕನಸು. ವರ್ಷಗಟ್ಟಲೆ ಹಣ ಕೂಡಿಸಿದರು, ಸಾಕಾಗಲಿಲ್ಲ. ಅಷ್ಟರಲ್ಲಿ ಇನ್ನೊಂದು ಗುಂಪು ಮುಂದೆ ಬಂತು: ಫೀಲ್ಡಿಂಗ್ ಮೆಗೀ, ಮಾಜಿ ಸದಸ್ಯರು, ಜೊತೆಗೆ ಜಿಮ್ ಜೋನ್ಸ್ ಜೂನಿಯರ್, ಹೌದು, ಆ ದತ್ತು ಮಗ. 2011ರ ಮೇ ತಿಂಗಳಲ್ಲಿ ನಾಲ್ಕು ಗ್ರಾನೈಟ್ ಚಪ್ಪಡಿ ನೆಲದ ಮೇಲೆ ಹಾಸಿದರು. ಅಕಾರಾದಿಯಲ್ಲಿ 918 ಹೆಸರು. ಜೋನ್ಸ್ ಅನ್ನುವ ಮನೆಹೆಸರಿನವರ ಸಾಲಿನಲ್ಲಿ ಜೇಮ್ಸ್ ವಾರೆನ್ ಜೋನ್ಸ್ ಕೂಡ.

ಅಂದರೆ ಕೊಂದವನು, ಕೊಲ್ಲಿಸಿಕೊಂಡವರು, ಒಂದೇ ಕಲ್ಲಿನ ಮೇಲೆ.

ನಾರ್ವುಡ್ ಕೋರ್ಟಿಗೆ ಹೋದರು. ಅವರ ಕಡೆಯಿಂದ ಯೋಚಿಸಿ. ನಿಮ್ಮ ತಾಯಿಯ ಸಮಾಧಿ ಮೇಲೆ ಅವಳನ್ನು ಕೊಂದವನ ಹೆಸರು ಕೆತ್ತಿದ್ದಾರೆ. ಹೂ ಇಡಲು ಬಗ್ಗಿದರೆ ಅದೂ ಕಣ್ಣಿಗೆ ಬೀಳುತ್ತದೆ. ಬೇಕಾದರೆ ಬೇರೆ ಕಡೆ ಬರೆಯಿರಿ, ಇಲ್ಲಿ ಯಾಕೆ? ಜೋನ್ಸ್‌ನ ದೇಹವೂ ಅಲ್ಲಿಲ್ಲ, ಸುಟ್ಟು ಬೂದಿಯನ್ನು ಅಟ್ಲಾಂಟಿಕ್ ಸಮುದ್ರಕ್ಕೆ ಹಾಕಿದ್ದರು. ಮೊದಲ ಸಲ ಇದನ್ನು ಓದಿದಾಗ ನಾನು ಕಣ್ಣು ಮುಚ್ಚಿ ನಾರ್ವುಡ್ ಪಕ್ಷ ವಹಿಸಿದ್ದೆ.

ಇನ್ನೊಂದು ಕಡೆಯವರು ಹೇಳಿದ್ದು, ಇದು ಸನ್ಮಾನದ ಪಟ್ಟಿ ಅಲ್ಲ, ಆ ದಿನ ಸತ್ತವರ ಪಟ್ಟಿ. ಒಂದು ಹೆಸರು ತೆಗೆದರೆ ಅಲ್ಲಿಗೆ ನಿಲ್ಲುತ್ತದಾ? ವಿಷ ಕಲಸಿದ ಡಾಕ್ಟರ್ ಹೆಸರು? ಸಿರಿಂಜ್ ಹಿಡಿದ ನರ್ಸ್? ಏರ್‌ಸ್ಟ್ರಿಪ್‌ನಲ್ಲಿ ಗುಂಡು ಹೊಡೆದು, ವಾಪಸ್ ಬಂದು ತಾವೂ ವಿಷ ಕುಡಿದವರು? ಅವರಿಗೂ ತಾಯಿ ತಂದೆ ಇದ್ದಾರೆ, ಅವರೂ ಈ ಸ್ಮಶಾನಕ್ಕೆ ಬರುತ್ತಾರೆ. ಯಾರು ಬಲಿ, ಯಾರು ಕೊಲೆಗಾರ ಅಂತ ಗೆರೆ ಎಳೆಯುವ ಪೆನ್ನು ಯಾರ ಕೈಗೆ ಕೊಡುತ್ತೀರಿ? ಕಷ್ಟ ಏನೆಂದರೆ ಈ ಮಾತಿಗೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಜೂನಿಯರ್ ವಿಷಯವೇ ತಗೊಳ್ಳಿ. ಆವತ್ತು ಟೆಂಪಲ್‌ನ ಬ್ಯಾಸ್ಕೆಟ್‌ಬಾಲ್ ಟೀಮಿನ ಜೊತೆ ಜಾರ್ಜ್‌ಟೌನ್‌ನಲ್ಲಿದ್ದುದರಿಂದ ಅವನೂ, ಜೋನ್ಸ್‌ನ ಸ್ವಂತ ಮಗ ಸ್ಟೀಫನ್‌ನೂ ಉಳಿದರು. ಜೂನಿಯರ್‌ನ ಹೆಂಡತಿ ತುಂಬು ಗರ್ಭಿಣಿ, ಊರಿನಲ್ಲೇ ಸತ್ತಳು. ಅಪ್ಪ ಸತ್ತ, ಅಮ್ಮ ಸತ್ತಳು, ಹೆಂಡತಿ, ಹುಟ್ಟದ ಮಗು. ಕೊಂದವನೂ ಅವನ ಮನೆಯವನೇ, ಸತ್ತವರೂ ಅವನ ಮನೆಯವರೇ. ಅವನಿಗೆ ಕಲ್ಲಿನ ಮೇಲೆ ಎಲ್ಲಿ ಗೆರೆ ಎಳಿ ಅಂತ ಹೇಳುತ್ತೀರಿ?

ಕೋರ್ಟು ಕಲ್ಲು ತೆಗೆಸಲು ಒಪ್ಪಲಿಲ್ಲ. ಕಲ್ಲು ಉಳಿಯಿತು. ಜಗಳವೂ ಉಳಿಯಿತು.

ಆ ಊರಿನ ಜಾಗ ಕಾಡು ಬೆಳೆದು ಮುಚ್ಚಿಹೋಗಿತ್ತು. 2024ರ ಕೊನೆಯಲ್ಲಿ ಅಲ್ಲಿಗೆ ಪ್ರವಾಸಿಗರನ್ನು ಕರೆದೊಯ್ಯುವ ಯೋಜನೆ ಸುದ್ದಿಯಾಯಿತು, 2025ರಲ್ಲಿ ಪ್ರವಾಸ ಶುರುವೂ ಆಯಿತು. ಹತ್ಯಾಕಾಂಡ ನಡೆದ ಬೇರೆ ದೇಶಗಳಲ್ಲಿ ಜನ ಹೋಗಿ ನೋಡುವುದಿಲ್ಲವೇ, ಇದೂ ಹಾಗೇ ಅಂತ ಒಂದು ಕಡೆ. ಹೊರಗಿನವರು ಬಂದು ಮಾಡಿದ ಪಾಪ, ಗಯಾನಾದ ಹೆಸರಿಗೆ ಅಂಟಿದ ಮಸಿ, ಅದನ್ನು ಟಿಕೆಟ್ ಹಾಕಿ ಮಾರುವುದು ಬೇಡ ಅಂತ ಅಲ್ಲಿಯವರೇ ಇನ್ನೊಂದು ಕಡೆ. ಬದುಕಿ ಉಳಿದವರಲ್ಲೂ ಇಬ್ಬಗೆ. ಸಾವಿರ ಜನ ಸತ್ತ ಜಾಗದಲ್ಲಿ ಸೆಲ್ಫಿ ತೆಗೆಯುವವರನ್ನು ತಡೆಯೋದು ಹೇಗೋ ನನಗಂತೂ ಗೊತ್ತಿಲ್ಲ.

ಹಾಸನದ ಮೇಡಂಗೆ ನಾನು ಆಮೇಲೆ ಫೋನ್ ಮಾಡಿದ್ದೆ. ಮುಂದಿನ ವರ್ಷದ ನವೆಂಬರ್ 18ಕ್ಕೆ ಸ್ಕ್ರಿಪ್ಟ್ ತಿದ್ದಿ ಬರೆದಿದ್ದೇನೆ, ನೋಡಿ ಮೇಡಂ ಅಂದೆ. ಕಲ್ಲಿನ ಜಗಳವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮಕ್ಕಳ ಹೆಸರು ಎಲ್ಲಾ ಸರಿಯಾಗಿ ಬರೆದಿದ್ದಾರೇನಪ್ಪಾ?" ಅಂತ ಕೇಳಿದರು. ಬರೆದಿದ್ದಾರೆ ಮೇಡಂ, ಅಂದೆ. ಹಾಜರಿ ಪುಸ್ತಕ ಇಟ್ಟವರ ಪ್ರಶ್ನೆ ಅದು.

ಎವರ್‌ಗ್ರೀನ್ ಸ್ಮಶಾನದಲ್ಲಿ ವರ್ಷಗಳ ಕಾಲ ನವೆಂಬರ್ 18ಕ್ಕೆ ಒಂದಲ್ಲ, ಎರಡು ಸಭೆ ನಡೆದಿವೆ. ನಾರ್ವುಡ್ ಕಡೆಯವರು ಬಂದು ಪ್ರಾರ್ಥನೆ ಮುಗಿಸಿ ಇಳಿದು ಹೋಗುತ್ತಾರೆ, ಇನ್ನೊಂದು ಹೊತ್ತಿಗೆ ಉಳಿದವರು ಹತ್ತಿ ಬರುತ್ತಾರೆ. ಹೂ ಇಡುವುದು ಅದೇ ಇಳಿಜಾರಿನ ಮೇಲೆ.